ಅಕ್ಕಿ ತೊಳೆಯಲು ಹನ್ನೊಂದು ನಿಮಿಷ

ಶನಿಗ್ರಹದ ಉಂಗುರದ ಮೇಲೆ ಯುದ್ಧ ನಡೆಯುತ್ತಿದೆ. ಶತ್ರುವಿನ ನೂರು ನೌಕೆಗಳು ಎದುರಿಗಿವೆ. ಆಗ ನಮ್ಮ ಕಡೆಯ ಕ್ಯಾಪ್ಟನ್, ನೀಲಿ ಕೂದಲಿನ ಹದಿನೇಳು ವರ್ಷದ ಹುಡುಗಿ, ಕುರ್ಚಿಯಿಂದ ಎದ್ದು, ಒಂದು ನಿಮಿಷ ಎಂದು ಶತ್ರುವಿಗೆ ಕೈಸನ್ನೆ ಮಾಡಿ, ಹಿಂದಿನ ಕೋಣೆಗೆ ಹೋಗಿ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಬರುತ್ತಾಳೆ. ಶತ್ರು ಕಾಯುತ್ತಾನೆ. ಡಿಸ್ಕಿನ ಕವರಿನ ಮೇಲಿರುವ ಕಥೆಯ ಪ್ರಕಾರ ಈ ಅಪ್ಪ ಮೊದಲನೇ ಕಂತಿಗಿಂತ ಮುಂಚೆಯೇ ಸತ್ತಿದ್ದಾನೆ. ಅವನನ್ನು ಬದುಕಿಸಿ, ಪಂಚೆ ಉಡಿಸಿ, ಅಂತರಿಕ್ಷ ನೌಕೆಯಲ್ಲಿ ತಂದು ಕೂರಿಸಿದವರು ನಮ್ಮೂರಿನ ಚಿತ್ರ ಸುಧಾರಣಾ ಸಮಿತಿಯವರು. ಆ ಇಪ್ಪತ್ತಾರು ಕಂತುಗಳನ್ನು ಅವು ಇದ್ದ ಹಾಗೆ ನಾನು ನೋಡಲಿಲ್ಲ, ಇನ್ನು ಯಾರೂ ನೋಡುವಂತಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮೂರಿನಲ್ಲಿ ಕೈಯಿಂದ ಬರೆದ ಚಿತ್ರಗಳು ಹೇಳಿದ ಮಾತು ಕೇಳುತ್ತವೆ. ನಟರು ಮಾಡಿದ ಸಿನಿಮಾಗಳು ಕೇಳುವುದಿಲ್ಲ, ಅವಕ್ಕೆ ಯಾರ ಹಂಗೂ ಇಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಗೆ ವಾಚನಾಲಯದ ಹಾಲಿನಲ್ಲಿ ಒಂದು ಅನಿಮೆ, ಅಂದರೆ ಜಪಾನಿನವರು ಬರೆದ ಕಾರ್ಟೂನ್ ಚಿತ್ರ, ಹಾಕುತ್ತಾರೆ. ನೋಡಿದವರು ಬೇಕಾದರೆ ವಿಮರ್ಶೆ ಬರೆದು ಕೊಡಬಹುದು. ಅವುಗಳಲ್ಲಿ ಒಂದನ್ನು ಆರಿಸಿ ಬುಧವಾರ ಹೊರಗಿನ ಬೋರ್ಡಿಗೆ ಅಂಟಿಸುತ್ತಾರೆ. ಮುಂದಿನ ಭಾನುವಾರ ಅದೇ ಚಿತ್ರವನ್ನು ಮತ್ತೆ ಹಾಕುವ ಹೊತ್ತಿಗೆ ಚಿತ್ರದೊಳಗಿನವರು ವಿಮರ್ಶೆ ಓದಿಕೊಂಡು ತಿದ್ದಿಕೊಂಡಿರುತ್ತಾರೆ. ಅವರು ಕನ್ನಡ ಯಾವಾಗ ಕಲಿತರು ಎಂದು ಕೇಳುವವರು ಊರಿನಲ್ಲಿ ಯಾರೂ ಇಲ್ಲ. ಎಲ್ಲರಿಗೂ ಗೊತ್ತಿರುವುದು ಇಷ್ಟೇ: ಒಂದು ಚಿತ್ರ ಮೂರು ಸಲ ಮಾತ್ರ ಕೇಳುತ್ತದೆ. ಮೂರನೇ ವಿಮರ್ಶೆಯಾದ ಮೇಲೆ ಅದು ಹೇಗಿದೆಯೋ ಹಾಗೇ ಉಳಿಯುತ್ತದೆ. ಆಮೇಲೆ ಬಡಿದುಕೊಂಡರೂ ಕದಲುವುದಿಲ್ಲ.

ಊರಿನವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ತಮ್ಮ ತಮ್ಮ ಕಸುಬನ್ನೆಲ್ಲ ಅನಿಮೆಯೊಳಗೆ ತುಂಬಿದ್ದಾರೆ. ಬಸ್ ಸ್ಟ್ಯಾಂಡಿನ ಎದುರಿನ ಟೈಲರ್ ಒಬ್ಬರು ಮಾಯಾವಿ ಹುಡುಗಿಯರ ಫ್ರಾಕುಗಳನ್ನು ಪಾದದವರೆಗೆ ಇಳಿಸಿದರು. ಈಗ ಆ ಹುಡುಗಿಯರು ರಾಕ್ಷಸನ ಮೇಲೆ ಹಾರುವಾಗ ಎರಡೂ ಕೈಯಲ್ಲಿ ಲಂಗ ಎತ್ತಿಕೊಂಡು ಹಾರಬೇಕು, ಮಂತ್ರದಂಡವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾರೆ. ಹುಡುಗಿಯನ್ನು ಕಂಡು ನಾಚಿದ ಕೂಡಲೇ ಮೂಗಿನಿಂದ ರಕ್ತ ಸುರಿಸುವ ಹುಡುಗರ ಬಗ್ಗೆ ಆಸ್ಪತ್ರೆಯ ನರ್ಸಮ್ಮ ಬರೆದರು. ಈಗ ಆ ಹುಡುಗರು ನಾಚಿದರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗು ಒತ್ತಿ ಹಿಡಿದು, ಹತ್ತು ನಿಮಿಷ ಬೆಂಚಿನ ಮೇಲೆ ಕೂರುತ್ತಾರೆ. ಹುಡುಗಿ ಬಸ್ಸು ಹತ್ತಿ ಹೋಗುತ್ತಾಳೆ. ಪ್ರೇಮಕಥೆ ಅಲ್ಲಿಗೆ ಮುಗಿಯುತ್ತದೆ.

ನನ್ನ ಹೆಸರು ಹೊನ್ನೂರಮ್ಮ. ಬಿ.ಎ. ಕೊನೆಯ ವರ್ಷದಿಂದಲೂ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದುಕೊಂಡು ಈಗ ಎಂ.ಎ. ಓದುತ್ತೇನೆ. ಹಾಸ್ಟೆಲ್ ಲೈಬ್ರರಿಯ ಪುಸ್ತಕಗಳನ್ನೆಲ್ಲ ಎರಡು ವರ್ಷದಲ್ಲಿ ಮುಗಿಸಿದ ಮೇಲೆ ವಿಮರ್ಶೆ ಬರೆಯಲು ಶುರು ಮಾಡಿದೆ. ಜನ ನಗುತ್ತಿದ್ದರು, ಹಾಗಾಗಿ ನನ್ನ ವಿಮರ್ಶೆಗಳು ಬೋರ್ಡಿನ ಮೇಲೆ ಹೆಚ್ಚು ಬೀಳುತ್ತಿದ್ದವು. ಪ್ರತಿ ಏಟಿಗೂ ಮುಂಚೆ ಆ ಏಟಿನ ಹೆಸರು ಕೂಗುವ ಕತ್ತಿವರಸೆಯ ವೀರನೊಬ್ಬನಿದ್ದ. 'ಈತ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಬಹುದು, ಪ್ರತಿ ಸ್ಟಾಪೂ ಕೂಗಿ ಹೇಳುತ್ತಾನೆ' ಎಂದು ಬರೆದೆ. ಮುಂದಿನ ವಾರ ಅವನು ಬಾಯಿ ಬಿಡದೆ ಮೂರು ನಿಮಿಷದಲ್ಲಿ ಹನ್ನೆರಡು ಜನರನ್ನು ಕೆಡವಿದ. ಉಳಿದ ಹದಿನೇಳು ನಿಮಿಷ ನಾವೆಲ್ಲ ಖಾಲಿ ಬಯಲನ್ನೂ ಅಲ್ಲಾಡುವ ಹುಲ್ಲನ್ನೂ ನೋಡುತ್ತ ಕೂತೆವು. ನನಗೆ ಅದು ಚೆನ್ನಾಗಿಯೇ ಕಂಡಿತು. ಸಮಿತಿಯವರು ಮಾಡಿದರೆ ಹಾಳು ಮಾಡುವುದು, ನಾನು ಮಾಡಿದರೆ ವಿಮರ್ಶೆ. ಹಾಗೆಂದು ನಂಬಿದ್ದೆ.

ಅಂಥ ದಿನಗಳಲ್ಲಿ ಒಂದು ಭಾನುವಾರ 'ಕೊನೆಯ ಸ್ಟೇಷನ್ನಿನ ಅನ್ನ' ಎಂಬ ಅನಿಮೆ ಹಾಕಿದರು. ಅದರೊಳಗೆ ಯಾರೂ ಮಾತಾಡುವುದಿಲ್ಲ. ಬೇರೆ ಡಿಸ್ಕು ಕೈಕೊಟ್ಟ ವಾರ ಅದನ್ನೇ ಹಾಕಿ ಸುಧಾರಿಸುತ್ತಿದ್ದರು. ಅದಕ್ಕೆ ಒಂದು ವಿಮರ್ಶೆಯೂ ಬಂದಿರಲಿಲ್ಲ. ಬಯ್ಯಲು ಕೂಡ ಯಾರಿಗೂ ಏನೂ ಸಿಕ್ಕಿರಲಿಲ್ಲ. ಸಮುದ್ರದ ದಂಡೆಯಲ್ಲಿ ರೈಲು ಹಳಿ ಮುಗಿಯುವ ಒಂದು ಸ್ಟೇಷನ್ನು. ಅಲ್ಲಿ ಹಿಸಾನೊ ಎಂಬ ವಯಸ್ಸಾದ ಹೆಂಗಸು ಸಣ್ಣ ಕ್ಯಾಂಟೀನು ನಡೆಸುತ್ತಾಳೆ. ಬೆಳಿಗ್ಗೆ ಅಕ್ಕಿ ತೊಳೆಯುತ್ತಾಳೆ, ಅನ್ನ ಮಾಡುತ್ತಾಳೆ, ಉಂಡೆ ಕಟ್ಟುತ್ತಾಳೆ, ರೈಲಿನವರು ತಿಂದು ಹೋಗುತ್ತಾರೆ. ಅಷ್ಟೇ. ರಾಕ್ಷಸ ಇಲ್ಲ, ರೋಬೋ ಇಲ್ಲ, ಮಾತಾಡುವ ಬೆಕ್ಕೂ ಇಲ್ಲ. ನನ್ನ ರೂಮಿನ ಶಕೀಲಾ ಹತ್ತನೇ ನಿಮಿಷಕ್ಕೇ ನನ್ನ ಭುಜದ ಮೇಲೆ ನಿದ್ದೆ ಹೋದಳು.

ನಾನು ಬರೆದ ವಿಮರ್ಶೆ ಇದು: 'ಈ ಚಿತ್ರದಲ್ಲಿ ಅಕ್ಕಿ ತೊಳೆಯುವುದಕ್ಕೆ ಹನ್ನೊಂದು ನಿಮಿಷ ಹಿಡಿಯುತ್ತದೆ. ನಾನು ಗಡಿಯಾರ ನೋಡಿದ್ದೇನೆ. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಇನ್ನೂರು ಜನರ ಅಕ್ಕಿಯನ್ನು ನಾಲ್ಕು ನಿಮಿಷದಲ್ಲಿ ತೊಳೆದು ಮುಗಿಸುತ್ತಾರೆ, ಜೊತೆಗೆ ಕಲ್ಲು ಬೇರೆ ಉಚಿತ. ಹಿಸಾನೊ ಅವರು ಒಂದು ವಾರ ನಮ್ಮಲ್ಲಿ ತರಬೇತಿಗೆ ಬರಬೇಕೆಂದು ಕೋರಿಕೆ.' ಬುಧವಾರ ಅದು ಬೋರ್ಡಿನ ಮೇಲಿತ್ತು. ಕಾಲೇಜಿಗೆ ಹೋಗುವ ದಾರಿಯಲ್ಲಿ ಜನ ನಿಂತು ಓದಿ ನಗುವುದು ಕೇಳಿಸಿತು. ಶಕೀಲಾ ಅದನ್ನು ಬಾಯಿಪಾಠ ಮಾಡಿ ಊಟದ ಸಾಲಿನಲ್ಲಿ ಒಪ್ಪಿಸಿದಳು.

ಮುಂದಿನ ಭಾನುವಾರ ವಾಚನಾಲಯದ ಹಾಲ್ ತುಂಬಿತ್ತು. ಹಿಸಾನೊ ತೆರೆಯ ಮೇಲೆ ಬಂದದ್ದೇ ಓಡುತ್ತ ಬಂದಳು. ಮೊದಲೆಲ್ಲ ಅವಳು ಒಮ್ಮೆಯೂ ನಮ್ಮ ಕಡೆ ನೋಡಿದ್ದಿಲ್ಲ. ಈಗ ಪ್ರತಿ ಎರಡು ಹೆಜ್ಜೆಗೆ ತಿರುಗಿ ನೋಡುತ್ತಿದ್ದಳು, ಗಡಿಯಾರ ನಮ್ಮ ಹತ್ತಿರ ಇದೆ ಎನ್ನುವಂತೆ. ಅಕ್ಕಿಗೆ ನೀರು ಸುರಿದು, ಕೈಯಾಡಿಸಿ, ಚೆಲ್ಲಿದಳು. ನೀರಿನ ಜೊತೆ ಅಕ್ಕಿಯೂ ಹೋಯಿತು. ನಾಲ್ಕು ನಿಮಿಷಕ್ಕೆ ಸರಿಯಾಗಿ ಒಲೆ ಹೊತ್ತಿಸಿದಳು. ಆಮೇಲೆ ಅಂಗಳಕ್ಕೆ ಹೋಗಿ, ಬಗ್ಗಿ, ಒಂದು ಹಿಡಿ ಸಣ್ಣ ಕಲ್ಲು ಆರಿಸಿ ತಂದು ಅನ್ನಕ್ಕೆ ಹಾಕಿದಳು. ಮೊದಲನೇ ರೈಲಿನಿಂದ ಇಳಿದ ಗಿರಾಕಿ ಉಂಡೆ ಕಚ್ಚಿದ. ಕಟ್ ಎಂದಿತು. ಅವನು ಕೆನ್ನೆ ಹಿಡಿದುಕೊಂಡ. ಹಿಸಾನೊ ಸರಿಯಾಯಿತೇ ಎನ್ನುವಂತೆ ನಮ್ಮ ಕಡೆ ನೋಡಿದಳು.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆ ನಗುವಿನ ಮಧ್ಯೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಾಗಿಲ ಕಡೆ ಹೊರಟರು. ಹಸಿರು ಸೀರೆ, ಹೆಗಲ ಮೇಲೆ ಮಸಿಬಟ್ಟೆ. ನಮ್ಮ ಹಾಸ್ಟೆಲ್ ಮೆಸ್ಸಿನ ಅಡುಗೆಯ ಓಬಕ್ಕ. ಅವಳು ಅನಿಮೆ ನೋಡಲು ಬರುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಅವಳ ಕೈಯ ಅನ್ನ ತಿಂದಿದ್ದೆ.

ಆ ಸಾಯಂಕಾಲ ಚಹಾದ ಸಾಲು ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಓಬಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ನಿಂತೇ ಕಲ್ಲು ಆರಿಸುತ್ತಿದ್ದಳು.

"ಓಬಕ್ಕ, ಬೇಜಾರಾಯ್ತಾ?" ಎಂದೆ.

"ಯಾಕಾಗ್ಬೇಕು?"

"ಮೆಸ್ಸಿನ ಕಲ್ಲಿನ ವಿಷಯ ಬರೆದಿದ್ದಕ್ಕೆ."

"ಕಲ್ಲು ಬರ್ತಾವೆ, ಬರ್ದಿದೀಯ. ನಾನೊಬ್ಳು ಎಷ್ಟು ಅಂತ ಆರಿಸ್ಲಿ. ಅದುಕ್ಕೆ ನಂಗೇನೂ ಸಿಟ್ಟಿಲ್ಲ." ಅವಳು ಮೊರ ಕೊಡವಿದಳು. "ಆ ಈಸಾನಮ್ಮ ನಿಂಗೇನ್ ಮಾಡಿದ್ಲವ್ವ? ನಿನ್ ಊಟ ತಡ ಮಾಡಿದ್ಲಾ? ನೀನೇನ್ ಆ ರೈಲಿಗ್ ಹೋಗೋಳಾ?"

ಹಿಸಾನೊಳ ಹೆಸರು ಅವಳ ಬಾಯಲ್ಲಿ ಊರ ಗಡಿಯ ದೇವತೆಯ ಹೆಸರಿನಂತೆ ಕೇಳಿಸಿತು.

"ಇಪ್ಪತ್ತೆರಡು ವರ್ಸ ಆತು ನಾನು ಈ ಒಲೆ ಹಿಡ್ದು," ಎಂದಳು ಓಬಕ್ಕ. "ಬೇಗ ಆಗ್ಲಿ ಬೇಗ ಆಗ್ಲಿ ಅನ್ನೋರ್ನೇ ನೋಡಿದೀನಿ. ಅಕ್ಕಿನ ಅಕ್ಕಿ ಅಂತ ತೊಳ್ಯೋಳು ಆಯಮ್ಮ ಒಬ್ಳಿದ್ಲು. ಅವ್ಳಿಗೂ ಗಡಿಯಾರ ಕಟ್ಟಿದ್ರಿ. ಸರಿ ಬಿಡು, ನಾಳೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಬೇಕು, ದಾರಿ ಬಿಡು."

ರೂಮಿಗೆ ಬಂದರೆ ಸಿಟ್ಟು. ಮೊದಲು ಓಬಕ್ಕನ ಮೇಲೆ, ಯಾಕೆಂದರೆ ಅವಳು ಹೇಳಿದ್ದು ಸರಿ. ಆಮೇಲೆ ನಕ್ಕವರ ಮೇಲೆ. ಆಮೇಲೆ ಹಿಸಾನೊಳ ಮೇಲೆ. ಯಾವಳೋ ಹಾಸ್ಟೆಲ್ ಹುಡುಗಿ ನಾಲ್ಕು ಸಾಲು ಬರೆದರೆ ಅಂಗಳದ ಕಲ್ಲು ಆರಿಸಿ ಅನ್ನಕ್ಕೆ ಹಾಕುವಷ್ಟು ಹೆದರಿಕೆ ಯಾಕೆ? ಕತ್ತಿವೀರನಂಥವನು ಮಾತು ಕೇಳಿದರೆ ಅವನ ಅಹಂಕಾರ ಇಳಿಯಿತು ಎನ್ನಬಹುದು. ಇವಳಲ್ಲಿ ಇಳಿಸಲು ಏನಿತ್ತು?

"ಇನ್ನೊಂದು ಬರೆದು ಸರಿ ಮಾಡು," ಎಂದಳು ಶಕೀಲಾ. "ಹೊಗಳು. ಹೊಗಳಿದರೆ ಯಾರು ಕೆಡುತ್ತಾರೆ?"

ಹೊಗಳಿ ಬರೆದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಇನ್ನೇನನ್ನೂ ಬರೆದಿಲ್ಲ. ಅಕ್ಕಿ ತೊಳೆಯುವುದು ಧ್ಯಾನ ಎಂದೆ. ಪ್ರತಿ ಕಾಳಿನಲ್ಲೂ ಬದುಕಿನ ಬೆಳಕಿದೆ ಎಂದೆ. ಹಿಸಾನೊ ಅಡುಗೆಯವಳಲ್ಲ, ತಾಯ್ತನದ ಮೂರ್ತಿ ಎಂದೂ ಬರೆದೆ. ಅವಳಿಗೆ ಮಕ್ಕಳಿರುವುದಾಗಿ ಚಿತ್ರದಲ್ಲಿ ಎಲ್ಲೂ ಇಲ್ಲ. ಅದರ ಒಂದು ಅಕ್ಷರವನ್ನೂ ನಾನು ನಂಬಿರಲಿಲ್ಲ. ಆದರೂ ಕಾಗದ ಕೊಟ್ಟೆ. ಅದು ಬುಧವಾರ ಬೋರ್ಡಿಗೆ ಏರಿತು.

ಭಾನುವಾರ ತೆರೆ ಬೆಳಗಿದಾಗ ಕ್ಯಾಂಟೀನಿನೊಳಗೆ ಎಲ್ಲಿಂದಲೋ ಬಂಗಾರದ ಬಣ್ಣದ ಬಿಸಿಲು ಬೀಳುತ್ತಿತ್ತು. ತಂತಿವಾದ್ಯ ಶುರುವಾಯಿತು. ಹಿಸಾನೊ ರೇಷ್ಮೆಯಂಥದ್ದೇನೋ ಉಟ್ಟು ನಿಧಾನವಾಗಿ ನಡೆದು ಬಂದು, ಮುಖವನ್ನು ಬೆಳಕಿಗೆ ತಿರುಗಿಸಿ ನಿಂತಳು. ಒಂದು ಅಕ್ಕಿಕಾಳನ್ನು ಎತ್ತಿ ಬಿಸಿಲಿಗೆ ಹಿಡಿದಳು. ಮುಗುಳ್ನಕ್ಕಳು. ಇನ್ನೊಂದು ಕಾಳು. ಹೀಗೆ ಮೂವತ್ತೈದು ನಿಮಿಷ. ರೈಲು ಬಂದು ನಿಂತಿತು. ಇಳಿದವರು ಹಸಿದ ಹೊಟ್ಟೆಯಲ್ಲಿ ಸಾಲಾಗಿ ನಿಂತು ಕೈ ಮುಗಿದರು. ಕಣ್ಣಲ್ಲಿ ನೀರು. ಯಾರಿಗೂ ಅನ್ನ ಸಿಗಲಿಲ್ಲ, ಯಾಕೆಂದರೆ ಅಕ್ಕಿ ಇನ್ನೂ ಪಾತ್ರೆಗೇ ಬಿದ್ದಿರಲಿಲ್ಲ.

ಹಿಂದಿನ ಸಾಲಿನಿಂದ ಓಬಕ್ಕನ ದನಿ ಇಡೀ ಹಾಲಿಗೆ ಕೇಳಿಸಿತು. "ಇದೇನವ್ವ, ಈಸಾನಮ್ಮಂಗೆ ಮೈಮೇಲೆ ಬಂದೈತಾ?"

ಜನ ಮತ್ತೆ ನಕ್ಕರು. ಈ ಸಲ ನಾನು ನಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಸಮಿತಿಯ ಕಾರ್ಯದರ್ಶಿ ಪಾಲಾಕ್ಷಪ್ಪ ಮೇಷ್ಟ್ರು ಎದ್ದು ನಿಂತರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಕೆಟ್ಟವರಲ್ಲ. ಮಕ್ಕಳ ಚಿತ್ರದಲ್ಲಿ ಸೂರ್ಯನಿಗೆ ಕಣ್ಣು ಮೂಗು ಇದ್ದರೆ ಅಳಿಸಿ ದುಂಡಗೆ ಮಾಡಿ ಕೊಡುತ್ತಿದ್ದರು, ಅದೂ ಪ್ರೀತಿಯಿಂದಲೇ. ಕ್ಯಾಪ್ಟನ್ನಿಗೆ ಅಪ್ಪನನ್ನು ತಂದುಕೊಟ್ಟವರು ಅವರೇ.

"ಈ ಚಿತ್ರಕ್ಕೆ ಇನ್ನು ಒಂದೇ ಅವಕಾಶ ಉಳಿದಿದೆ," ಎಂದರು. "ಹುಡುಗಾಟಕ್ಕೆ ಬಿಟ್ಟದ್ದು ಸಾಕು. ವಯಸ್ಸಾದ ಹೆಣ್ಣುಮಗಳು ಊರಾಚೆ ಒಬ್ಬಳೇ ದುಡಿಯುವುದು ನೋಡುವವರಿಗೆ ಒಳ್ಳೆಯದಲ್ಲ. ಅವಳಿಗೆ ಮಗ, ಸೊಸೆ, ಮೊಮ್ಮಕ್ಕಳು ಬರಲಿ. ಸೊಸೆ ಅನ್ನ ಮಾಡಲಿ. ಈಯಮ್ಮ ಮೊಮ್ಮಕ್ಕಳಿಗೆ ಕಥೆ ಹೇಳಲಿ. ಬುಧವಾರ ಸಮಿತಿಯ ವಿಮರ್ಶೆ ಹಾಕುತ್ತೇವೆ."

ಕೆಲವರು ಚಪ್ಪಾಳೆ ತಟ್ಟಿದರು. ಯಾರೋ ಕಾಣದ ಸೊಸೆಯೊಬ್ಬಳನ್ನು ಹಿಡಿದು ತಂದು ಅದೇ ಒಲೆಯ ಮುಂದೆ ನಿಲ್ಲಿಸಿ ಅದಕ್ಕೆ ಸುಧಾರಣೆ ಎನ್ನುತ್ತಾರೆ. ಅವಳನ್ನೂ ನಾಲ್ಕು ನಿಮಿಷದಲ್ಲಿ ತೊಳೆ ಎನ್ನುವುದಕ್ಕೆ ಇನ್ನೊಬ್ಬ ಹೊನ್ನೂರಮ್ಮ ಬಂದೇ ಬರುತ್ತಾಳೆ.

ಸೋಮವಾರ ಕ್ಲಾಸಿಗೆ ಹೋಗದೆ ವಾಚನಾಲಯದ ನಿಯಮಾವಳಿ ತೆಗೆದು ಕೂತೆ. ಒಂಬತ್ತನೇ ನಿಯಮ ಹೀಗಿತ್ತು: 'ಮೂರನೆಯ ವಿಮರ್ಶೆಯ ಹಕ್ಕು ಆ ಚಿತ್ರವನ್ನು ಅತಿ ಹೆಚ್ಚು ಸಲ ನೋಡಿದವರದು. ಅವರು ಕೇಳದಿದ್ದಲ್ಲಿ ಸಮಿತಿಯದು.' ಯಾರೂ ಎಂದೂ ಕೇಳಿದ್ದಿಲ್ಲ. ಹಾಲಿನ ಬಾಗಿಲಲ್ಲಿ ಹಾಜರಿ ಪುಸ್ತಕವಿರುತ್ತದೆ, ಒಳಗೆ ಬರುವವರು ಸಹಿ ಹಾಕಬೇಕು. ಹಳೆಯ ಪುಸ್ತಕಗಳನ್ನೆಲ್ಲ ಬೀರುವಿನಿಂದ ಇಳಿಸಿ 'ಕೊನೆಯ ಸ್ಟೇಷನ್ನಿನ ಅನ್ನ' ಹಾಕಿದ ದಿನಗಳನ್ನು ಹುಡುಕಿದೆ. ಕಳೆದ ಎರಡು ಭಾನುವಾರ ಬಿಟ್ಟರೆ ಒಂದೊಂದು ಪುಟದಲ್ಲೂ ಆರೋ ಏಳೋ ಸಹಿ. ಪ್ರತಿ ಪುಟದ ಕೊನೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಶಾಯಿ ಒಮ್ಮೆ ನೀಲಿ, ಒಮ್ಮೆ ಕಪ್ಪು. ಎರಡು ಕಡೆ ಅರಿಶಿನ. ಒಂದರಲ್ಲಿ ಶಾಯಿ ಸಿಕ್ಕಿರಲಿಲ್ಲವೋ ಏನೋ, ಒಲೆಯ ಮಸಿಯಿಂದಲೇ ಒತ್ತಿದ್ದಳು ಓಬಕ್ಕ. ಒಟ್ಟು ನಲವತ್ತಮೂರು.

ಪುಸ್ತಕಗಳನ್ನು ಹೊತ್ತುಕೊಂಡು ಮೇಷ್ಟ್ರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಒಂಬತ್ತನೇ ನಿಯಮ ತೋರಿಸಿ, ಹೆಬ್ಬೆಟ್ಟುಗಳನ್ನು ಒಂದೊಂದಾಗಿ ತೋರಿಸಿದೆ. ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು.

"ಓಬಕ್ಕನಿಗೆ ಬರೆಯುವುದಕ್ಕೆ ಬರುವುದಿಲ್ಲವಲ್ಲಮ್ಮ," ಎಂದರು.

"ಹೇಳುವುದಕ್ಕೆ ಬರುತ್ತದೆ, ಸರ್. ಬರೆದುಕೊಳ್ಳುವವಳು ನಾನು."

"ನೀನು ಎರಡು ಸಲ ಬರೆದಾಯಿತು. ಏನಾಯಿತು ಅಂತ ಊರೇ ನೋಡಿತು."

"ನೀವು ಅವಳಿಗೆ ಸೊಸೆ ತರುತ್ತೀರಿ. ಆ ಸೊಸೆಗೆ ಅಕ್ಕಿ ಯಾರು ತೊಳೆದುಕೊಡುತ್ತಾರೆ?"

ಅವರು ಪೆನ್ಸಿಲಿನ ಮೊನೆ ನೋಡಿಕೊಂಡರು. "ನೋಡಮ್ಮ, ಒಂಟಿ ಮನುಷ್ಯರನ್ನು ನೋಡಿದರೆ ನನಗೆ ತಡೆಯುವುದಿಲ್ಲ. ಅದು ನನ್ನ ದೋಷವೇ ಇರಬಹುದು. ನಿಯಮ ನಿಯಮವೇ, ಓಬಕ್ಕ ಹೇಳಲಿ. ಆದರೆ ಒಂದು ಮಾತು. ಕಾಗದದಲ್ಲಿ ಅವಳ ಮಾತು ಮಾತ್ರ ಇರಬೇಕು. ನೀನು ಒಂದು ಪದ ಸೇರಿಸಿದರೂ, ಒಂದು ಪದ ತೆಗೆದರೂ ಕಿತ್ತು ಹಾಕುತ್ತೇನೆ. ನಿನ್ನ ವಾಕ್ಯ ನೋಡಿದರೆ ನನಗೆ ಗೊತ್ತಾಗುತ್ತದೆ."

ಮಂಗಳವಾರ ಮಧ್ಯಾಹ್ನದ ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಟ್‌ಬುಕ್ ತೆರೆದೆ. ಓಬಕ್ಕ ಮೊರ ಹಿಡಿದು ನಿಂತಿದ್ದಳು.

"ನಾನೇನ್ ಹೇಳ್ಲಿ? ಚೆನ್ನಾಗೈತೆ ಅಂದ್ರೆ ಮೈಮೇಲ್ ಬರುತ್ತೆ. ಚೆನ್ನಾಗಿಲ್ಲ ಅಂದ್ರೆ ಕಲ್ ಹಾಕ್ತಾಳೆ."

"ಎರಡೂ ಬೇಡ. ಮೊದಲು ಹೇಗಿತ್ತು, ಅದನ್ನು ಹೇಳು. ಅವಳು ಏನೇನು ಮಾಡುತ್ತಿದ್ದಳು, ಅಷ್ಟೇ."

"ಅಷ್ಟೇನಾ? ಬರ್ಕ ಹಂಗಾರೆ," ಎಂದಳು ಓಬಕ್ಕ. "ಬೆಳಿಗ್ಗೆ ಬಾಗ್ಲು ತೆಗಿತಾಳೆ. ಮೊದ್ಲು ಅಕ್ಕಿ ಮೂಸಿ ನೋಡ್ತಾಳೆ. ಹಳೇದಾದ್ರೆ ಮೂಗು ಹಿಂಗ್ ಮಾಡ್ತಾಳೆ. ನೀರು ಹಾಕಿ ಕೈಯಾಡಿಸ್ತಾಳೆ, ಬಲಗೈಲಿ ಎರಡ್ ಸಲ. ಮೂರ್ನೇ ಸಲ ಎಡಗೈ. ಯಾಕಂದ್ರೆ ಬಲಗೈ ಹೆಬ್ಬೆಟ್ಟು ಸುಟ್ಕಂಡವ್ಳೆ, ತಣ್ಣೀರಾಗೆ ನೋಯುತ್ತೆ. ಅಕ್ಕಿ ತೊಳ್ದ ಕಲಗಚ್ಚು ಚೆಲ್ಲಲ್ಲ. ಡಬ್ಬದಾಗೆ ಒಂದು ಗಿಡ ಐತೆ, ಅದುಕ್ಕೆ ಹಾಕ್ತಾಳೆ. ನಾಕ್ನೇ ನೀರು ತಿಳಿ ಬರುತ್ತೆ. ತಿಳಿ ಬಂತಾ ಅಂತ ಬಗ್ಗಿ ನೋಡ್ತಾಳೆ, ತನ್ ಮುಖ ಕಂಡ್ರೆ ಆತು ಅಂತ."

ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಆ ಚಿತ್ರವನ್ನು ಗಡಿಯಾರ ಹಿಡಿದು ನೋಡಿದವಳು ನಾನು. ಗಿಡ ಕಂಡಿರಲಿಲ್ಲ. ಹೆಬ್ಬೆಟ್ಟು ಕಂಡಿರಲಿಲ್ಲ.

"ಬರಿಯವ್ವ, ಯಾಕ್ ನಿಂತೆ? ಉಂಡೆ ಕಟ್ವಾಗ ಒಂದು ದೊಡ್ದು ಮಾಡ್ತಾಳೆ. ಅದು ಆ ರೈಲು ಓಡ್ಸೋನಿಗೆ. ಅವ್ನು ಏನೂ ಹೇಳಲ್ಲ, ತಿಂದು ಹೋಗ್ತಾನೆ. ಕೊನೆ ರೈಲು ಬರುತ್ತೆ, ಯಾರೂ ಇಳಿಯಲ್ಲ. ಪಾತ್ರೆ ತೊಳೀತಾಳೆ. ಗಿರಾಕಿಗ್ಳು ಉಣ್ಣೋ ಹಲಗೆ ಒರೆಸ್ತಾಳೆ." ಓಬಕ್ಕ ಮೊರದಿಂದ ಒಂದು ಕಲ್ಲು ತೆಗೆದು ಕಿಟಕಿಯಾಚೆ ಎಸೆದಳು. "ಆಮೇಲೆ ಕೂತ್ಕಂತಾಳೆ."

ಪೆನ್ನು ಎತ್ತಿದೆ. "ಕೂರುವುದಿಲ್ಲ ಓಬಕ್ಕ. ಹಲಗೆ ಒರೆಸಿದ ಮೇಲೆ ಬಾಗಿಲು ಹಾಕುತ್ತಾಳೆ, ಚಿತ್ರ ಮುಗಿಯುತ್ತದೆ."

"ಗೊತ್ತೈತೆ."

"ಮತ್ತೆ? ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇಲ್ಲದ್ದನ್ನು ಸೇರಿಸಿದರೆ ನೀನೂ ಮೇಷ್ಟ್ರೂ ಒಂದೇ ಆಗುತ್ತೀರಿ."

"ನಲವತ್ ಮೂರ್ ಸಲ ನೋಡಿದೀನಿ," ಎಂದಳು ಓಬಕ್ಕ. ದನಿ ಏರಲಿಲ್ಲ. "ನಲವತ್ ಮೂರ್ ಸಲಾನೂ ಆಯಮ್ಮ ನಿಂತೇ ಇದ್ಲು. ಇನ್ನೊಂದ್ ಸಲ ನಿಲ್ಸು ಅಂತೀಯಾ? ನಾನು ಸೊಸೆ ಕೇಳಿಲ್ಲ, ರೇಷ್ಮೆ ಸೀರೆ ಕೇಳಿಲ್ಲ. ಕೂತ್ಕಂತಾಳೆ. ಸುಮ್ನೆ. ಯಾರೂ ಕರ್ಯಲ್ಲ. ಅಷ್ಟು ಬರಿ."

ನನಗೆ ವಾದ ಮಾಡುವುದಕ್ಕೆ ಬೇಕಾದಷ್ಟಿತ್ತು. ಇದ್ದದ್ದನ್ನೇ ಬರೆಯಬೇಕು ಎನ್ನುವುದು ನಾನು ನೆಚ್ಚಿಕೊಂಡ ಒಂದೇ ಒಂದು ಮಾತು. ಆದರೆ ಒಂದು ಪದ ತೆಗೆದರೂ ಮೇಷ್ಟ್ರು ಕಾಗದ ಕಿತ್ತು ಹಾಕುತ್ತಾರೆ. ಇನ್ನೊಂದನ್ನೂ ಆಗ ಗಮನಿಸಿದೆ. ಹೊಸ್ತಿಲ ಮೇಲೆ ಕೂತವಳು ನಾನು. ಆ ಅಡುಗೆಮನೆಯಲ್ಲಿ ಒಂದು ಮಣೆಯೂ ಇರಲಿಲ್ಲ. ಇನ್ನೂರು ತಟ್ಟೆ, ಆರು ಕೊಳಗ, ಎರಡು ಸಿಲಿಂಡರು. ಕೂರುವುದಕ್ಕೆ ಏನೂ ಇಲ್ಲ. ಮೂರು ವರ್ಷದಲ್ಲಿ ಎಂದೂ ಅವಳು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ, ನೋಡಿಲ್ಲವೆಂಬುದನ್ನೂ ಗಮನಿಸಿರಲಿಲ್ಲ.

'ಕೂತ್ಕಂತಾಳೆ. ಸುಮ್ನೆ. ಯಾರೂ ಕರ್ಯಲ್ಲ' ಎಂದು ಬರೆದೆ. ಅವಳು ಕೆಳಗೆ ಹೆಬ್ಬೆಟ್ಟು ಒತ್ತಿದಳು. ಮೇಷ್ಟ್ರು ಎರಡು ಸಲ ಓದಿದರು. ಕೊನೆಯ ಸಾಲಿನ ಹತ್ತಿರ ನಿಂತು ನನ್ನ ಮುಖ ನೋಡಿದರು. "ಇದು ನಿನ್ನದಲ್ಲ ತಾನೇ?" ಎಂದರು. "ನಾನಾಗಿದ್ದರೆ ಬರೆಯುತ್ತಿರಲಿಲ್ಲ ಸರ್," ಎಂದೆ. ಅವರೇ ಕೈಯಾರೆ ಬೋರ್ಡಿಗೆ ಅಂಟಿಸಿದರು. ಓದಿದವರು ಯಾರೂ ನಗಲಿಲ್ಲ. 'ಇದು ವಿಮರ್ಶೆಯಾ, ದಿನಚರಿಯಾ' ಎಂದು ಯಾರೋ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚಿದ್ದರು.

ಭಾನುವಾರ ಓಬಕ್ಕ ಎಂದಿನಂತೆ ಹಿಂದಿನ ಸಾಲಿನಲ್ಲಿ ಬಂದು ಕೂತಳು. ನಾನೂ ಅವಳ ಪಕ್ಕಕ್ಕೆ ಹೋಗಿ ಕೂತೆ. ಹಿಸಾನೊ ಬಾಗಿಲು ತೆಗೆದಳು. ರೇಷ್ಮೆ ಇರಲಿಲ್ಲ, ಬಂಗಾರದ ಬಿಸಿಲೂ ಇರಲಿಲ್ಲ. ಅಕ್ಕಿ ಮೂಸಿ ಮೂಗು ಸೊಟ್ಟ ಮಾಡಿದಳು. ಬಲಗೈ, ಬಲಗೈ, ಎಡಗೈ. ಡಬ್ಬದ ಗಿಡ ಕಿಟಕಿಯಲ್ಲೇ ಇತ್ತು, ಮೊದಲಿನಿಂದಲೂ ಇದ್ದಿರಬೇಕು. ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಎಷ್ಟು ನಿಮಿಷವಾಯಿತೋ ನನಗೆ ಗೊತ್ತಿಲ್ಲ, ಗಡಿಯಾರವನ್ನು ರೂಮಿನಲ್ಲೇ ಬಿಟ್ಟು ಬಂದಿದ್ದೆ. ಮುಂದಿನ ಸಾಲಿನವರು ಆಕಳಿಸಿದರು, ಕೆಮ್ಮಿದರು. ಕೆಲವರು ಎದ್ದು ಹೋದರು. ಹೋಗಲಿ.

ಕೊನೆಯ ರೈಲು ಬಂತು. ಯಾರೂ ಇಳಿಯಲಿಲ್ಲ. ಅವಳು ಪಾತ್ರೆ ತೊಳೆದು ಹಲಗೆ ಒರೆಸಿದಳು. ಆಮೇಲೆ ಸುತ್ತ ನೋಡಿದಳು. ಆ ಅಡುಗೆಮನೆಯಲ್ಲಿ ಕೂರುವುದಕ್ಕೆ ಜಾಗವೇ ಇರಲಿಲ್ಲ. ಅದನ್ನು ಬರೆದವರು ಯಾರೋ, ಒಲೆ ಬರೆದಿದ್ದರು, ನಲ್ಲಿ ಬರೆದಿದ್ದರು, ಅವಳಿಗೊಂದು ಮಣೆ ಬರೆದಿರಲಿಲ್ಲ. ಸ್ಟೂಲುಗಳೆಲ್ಲ ಹಲಗೆಯ ಆಚೆ, ಗಿರಾಕಿಗಳ ಕಡೆ ಇದ್ದವು. ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ಒರೆಸಿಕೊಂಡು, ಹಲಗೆಯ ಪಕ್ಕದ ಸಣ್ಣ ಬಾಗಿಲು ತಳ್ಳಿ, ಆಚೆ ಬಂದು, ಕೊನೆಯ ಸ್ಟೂಲಿನ ಮೇಲೆ ಕೂತಳು. ಕೂತು ತನ್ನ ಒಲೆಯನ್ನು ನೋಡಿದಳು.

ಏನೂ ಆಗಲಿಲ್ಲ. ಅವಳು ಕೂತಿದ್ದಳು.

"ಸಿಕ್ಕಾಕ್ಕೊಂಡೈತೆ, ಡಿಸ್ಕ್ ತೆಗೆದು ಒರೆಸ್ರಿ," ಎಂದ ಒಬ್ಬ. ತೆರೆಯ ಮೇಲೆ ಹಿಸಾನೊಳ ಹಿಂದಿನ ಗೋಡೆಯಲ್ಲಿ ಅಲೆಯ ಬೆಳಕು ಆಡುತ್ತಿದ್ದುದರಿಂದ ಸಿಕ್ಕಿಕೊಂಡಿಲ್ಲವೆಂದು ಗೊತ್ತಾಗುತ್ತಿತ್ತು. ಪಾಲಾಕ್ಷಪ್ಪ ಮೇಷ್ಟ್ರು ಹಿಂದಕ್ಕೆ ತಿರುಗಿ, ಸುಮ್ಮನಿರಿ ಎಂದು ಕೈ ತೋರಿಸಿದರು. ಆಗ ಬಾಗಿಲಲ್ಲಿ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಇಣುಕಿದಳು. "ಓಬಕ್ಕ, ನಾಲ್ಕೂವರೆ ಆಯ್ತಂತೆ, ಚಹಾ ಇನ್ನೂ ಇಟ್ಟಿಲ್ಲ ಅಂತ ವಾರ್ಡನ್ ಮೇಡಂ ಕೂಗಾಡ್ತಿದಾರೆ, ಬರಬೇಕಂತೆ."

ಓಬ‌ಕ್ಕ ಕೇಳಿಸಿಕೊಂಡಳು. ಬಲಗೈ ಮಸಿಬಟ್ಟೆಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಏಳಲಿಲ್ಲ. ತೆರೆಯ ಮೇಲೆ ಹಿಸಾನೊ ಎದ್ದು ಬಾಗಿಲು ಹಾಕುವವರೆಗೂ ಅವಳೂ ಕೂತೇ ಇದ್ದಳು.

ಸೋಮವಾರ ಬೆಳಿಗ್ಗೆ ಮೆಸ್ಸಿನ ಗೋಡೆಯ ಮೇಲೆ ಒಂದು ದೂರು ಅಂಟಿಸಿತ್ತು. ಸಹಿ ಇರಲಿಲ್ಲ. ಉಪ್ಪಿಟ್ಟು ಬಡಿಸುತ್ತಿದ್ದ ಓಬಕ್ಕ ಸೌಟಿನಿಂದಲೇ ಅದರ ಕಡೆ ತೋರಿಸಿ, "ಅದೇನ್ ಬರ್ದವ್ರೆ, ಓದವ್ವ," ಎಂದಳು. ನನಗೆ ಹರಿದು ಹಾಕುವಷ್ಟು ಸಿಟ್ಟು ಬಂದಿತ್ತು. ಆದರೂ ಇದ್ದದ್ದನ್ನು ಇದ್ದ ಹಾಗೆ ಓದಿದೆ. "'ನಿನ್ನೆ ಅಡುಗೆಯವರು ಸಿನಿಮಾದಲ್ಲಿ ಕುಳಿತಿದ್ದರಿಂದ ಚಹಾ ಐದು ನಿಮಿಷ ತಡವಾಯಿತು. ಇನ್ನೂರು ಜನ ಕಾಯಬೇಕಾಯಿತು. ಹೀಗೆ ಮತ್ತೆ ಆಗಬಾರದು.'"

"ಎಷ್ಟು ನಿಮ್ಸ ಅಂತ?"

"ಐದು."

"ಏಳು," ಎಂದಳು ಓಬಕ್ಕ. "ಏಳು ನಿಮ್ಸ ಕೂತಿದ್ದೆ ನಾನು. ತಿದ್ದು."

ನಾನು ಪೆನ್ನು ತೆಗೆದು ಐದನ್ನು ಹೊಡೆದು, ಮೇಲೆ ಏಳು ಎಂದು ಬರೆದೆ.